ಪ್ರಶ್ನೋತ್ತರ: ಐಪಿಎಸ್ ಕೋಶ — ಲ್ಯಾಬಿನಲ್ಲಿ ಎಷ್ಟು, ಆಸ್ಪತ್ರೆಯಲ್ಲಿ ಎಷ್ಟು?

ಚರ್ಮದ ಅಥವಾ ರಕ್ತದ ಕೋಶವನ್ನು ಭ್ರೂಣದ ಮೊದಲ ದಿನಗಳ ಸ್ಥಿತಿಗೆ ಮರಳಿಸಿ ಪಡೆಯುವ, ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳಿಗೆ ಐಪಿಎಸ್ ಕೋಶ ಎಂದು ಹೆಸರು. ಇವುಗಳ ಬಗ್ಗೆ ಓದುಗರು ಬರೆದ ಪತ್ರಗಳಲ್ಲಿ ವಿಜ್ಞಾನದ ಪ್ರಶ್ನೆಗಳೂ ಇವೆ, ಆಸ್ಪತ್ರೆ ಬಿಲ್ಲಿನ ಪ್ರಶ್ನೆಗಳೂ ಇವೆ. ಎರಡನ್ನೂ ಬೆರೆಸಿ ಉತ್ತರಿಸಿದ್ದೇವೆ. ಪತ್ರ ಬರೆದವರ ಹೆಸರು ಕೈಬಿಟ್ಟಿದ್ದೇವೆ.

ಪ್ರ: ಚರ್ಮದ ಕೋಶ ಕೊನೆಯವರೆಗೂ ಚರ್ಮವೇ ಅಲ್ಲವೇ? ಅದು ಮತ್ತೆ ಏನು ಬೇಕಾದರೂ ಆಗಬಲ್ಲ ಸ್ಥಿತಿಗೆ ಹೋಗುವುದು ಹೇಗೆ? ಅದರ ಜೀನ್‌ಗಳನ್ನೇ ಬದಲಾಯಿಸುತ್ತಾರೆಯೇ?
— ಪಿಯುಸಿ ವಿದ್ಯಾರ್ಥಿನಿ, ಧಾರವಾಡ

ಉ: ಜೀನ್‌ಗಳು ಇದ್ದ ಹಾಗೆಯೇ ಇರುತ್ತವೆ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎನ್ನುವ ಏರ್ಪಾಡು ಬದಲಾಗುತ್ತದೆ. ನಿಮ್ಮ ಚರ್ಮದ ಕೋಶದಲ್ಲೂ ಮಿದುಳಿನ ಕೋಶದಲ್ಲೂ ಡಿಎನ್‌ಎ ಒಂದೇ. ಚರ್ಮದಲ್ಲಿ ಮಿದುಳಿನ ಜೀನ್‌ಗಳು ಮುಚ್ಚಿಕೊಂಡಿವೆ, ಅಷ್ಟೆ. ಈ ಮುಚ್ಚುವಿಕೆ ಶಾಶ್ವತವಲ್ಲ ಎಂದು ಮೊದಲು ತೋರಿಸಿದವರು ಜಾನ್ ಗರ್ಡನ್. 1962ರಲ್ಲಿ ಅವರು ಕಪ್ಪೆಯ ಗೊದಮೊಟ್ಟೆಯ ಕರುಳಿನ ಕೋಶದಿಂದ ಕೋಶಕೇಂದ್ರ ತೆಗೆದು, ತನ್ನ ಕೋಶಕೇಂದ್ರ ನಾಶವಾದ ಅಂಡದೊಳಗೆ ಇಟ್ಟರು. ಅದರಿಂದ ಹೊಸ ಗೊದಮೊಟ್ಟೆಗಳು ಬೆಳೆದವು.

ಅಂಡದೊಳಗಿನ ಯಾವ ವಸ್ತು ಈ ಕೆಲಸ ಮಾಡುತ್ತದೆ ಎಂಬುದು ಮಾತ್ರ ನಾಲ್ಕು ದಶಕ ಬಗೆಹರಿಯಲಿಲ್ಲ. ಕ್ಯೋಟೊ ವಿಶ್ವವಿದ್ಯಾಲಯದ ಶಿನ್ಯಾ ಯಮನಾಕಾ ಮತ್ತು ಕಜುತೋಶಿ ತಾಕಾಹಾಶಿ ಅಂಡದ ಗೊಡವೆಗೇ ಹೋಗಲಿಲ್ಲ. ಭ್ರೂಣದ ಸ್ಟೆಮ್ ಸೆಲ್‌ಗಳಲ್ಲಿ ಚುರುಕಾಗಿರುವ 24 ಜೀನ್‌ಗಳನ್ನು ಆರಿಸಿ, ಅಷ್ಟನ್ನೂ ಒಟ್ಟಿಗೆ ಇಲಿಯ ಕೋಶಗಳಿಗೆ ಸೇರಿಸಿದರು. ಕೆಲವು ಕೋಶಗಳು ಹಿಂದಕ್ಕೆ ತಿರುಗಿದವು. ಆಮೇಲೆ ಪ್ರತಿ ಸಲ ಒಂದೊಂದು ಜೀನ್ ಬಿಟ್ಟು 23ರಿಂದ ಮಾಡಿ ನೋಡಿದರು; ಯಾವುದನ್ನು ಬಿಟ್ಟರೆ ಕೆಲಸ ಕೆಡುತ್ತದೋ ಅದು ಬೇಕೇ ಬೇಕು. ಹಾಗೆ ಜರಡಿ ಹಿಡಿದು ಉಳಿದವು ನಾಲ್ಕು: ಆಕ್ಟ್-4, ಸಾಕ್ಸ್-2, ಕೆಎಲ್‌ಎಫ್-4, ಸಿ-ಮಿಕ್. 2006ರಲ್ಲಿ ಇಲಿ, 2007ರಲ್ಲಿ ಮನುಷ್ಯ. ಅದೇ ವರ್ಷ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಥಾಮ್ಸನ್ ತಂಡವೂ ಮನುಷ್ಯರ ಕೋಶದಲ್ಲಿ ಇದನ್ನು ಮಾಡಿತು. ಅವರ ನಾಲ್ಕರಲ್ಲಿ ಕೊನೆಯ ಎರಡು ಬೇರೆ. 2012ರ ನೊಬೆಲ್ ಗರ್ಡನ್ ಮತ್ತು ಯಮನಾಕಾ ಅವರಿಗೆ ಜಂಟಿಯಾಗಿ ಬಂತು. ಪರೀಕ್ಷೆಗೆ ಬರೆಯುವುದಾದರೆ ನಾಲ್ಕು ಹೆಸರಿಗಿಂತ 24ರಿಂದ 4ಕ್ಕೆ ಇಳಿದ ಆ ಕ್ರಮವನ್ನು ಬರೆಯಿರಿ, ಆ ಪ್ರಯೋಗದ ಜಾಣತನ ಇರುವುದು ಅಲ್ಲಿ.

ಪ್ರ: ಬಯೊಟೆಕ್ನಾಲಜಿ ಎಂ.ಎಸ್ಸಿ. ಓದುತ್ತಿದ್ದೇನೆ. ಐಪಿಎಸ್ ಕೋಶ ತಯಾರಿಸುವ ಕ್ರಮ ಪುಸ್ತಕದಲ್ಲಿ ಅರ್ಧ ಪುಟ ಇದೆ. ನಿಜವಾಗಿ ಲ್ಯಾಬಿನಲ್ಲಿ ಹೇಗೆ ಮಾಡುತ್ತಾರೆ, ಎಲ್ಲಿ ಕೆಡುತ್ತದೆ?
— ವಿದ್ಯಾರ್ಥಿ, ಮಂಗಳೂರು

ಉ: ಈಗ ಚರ್ಮಕ್ಕಿಂತ ರಕ್ತದಿಂದ ಶುರು ಮಾಡುವುದೇ ಅನುಕೂಲ, 10 ಮಿ.ಲೀ. ಸಾಕು. ಫೈಕಾಲ್ ದ್ರಾವಣದ ಮೇಲೆ ರಕ್ತವನ್ನು ಕಲಕದಂತೆ ಮೆಲ್ಲಗೆ ಇಳಿಬಿಟ್ಟು ಸೆಂಟ್ರಿಫ್ಯೂಜ್ ಮಾಡಿದರೆ, ಪ್ಲಾಸ್ಮಾದ ಕೆಳಗೆ ಮಬ್ಬು ಬಿಳಿ ಪದರವಾಗಿ ನಮಗೆ ಬೇಕಾದ ಕೋಶಗಳು ನಿಲ್ಲುತ್ತವೆ. ಇವನ್ನು ಸೈಟೊಕೈನ್ (ಬೆಳೆಯಲು ಸಂಕೇತ ಕೊಡುವ ಪ್ರೋಟೀನು) ಹಾಕಿದ ಮಾಧ್ಯಮದಲ್ಲಿ, ಎಂದರೆ ಪೋಷಕ ದ್ರವದಲ್ಲಿ, ಸುಮಾರು 4 ದಿನ ಬೆಳೆಸಬೇಕು. ಆತುರಪಟ್ಟು ಈ ನಾಲ್ಕು ದಿನ ಉಳಿಸಲು ಹೋದರೆ ಮುಂದೆ ಕಾಲನಿ (ಹಿಂದಕ್ಕೆ ತಿರುಗಿದ ಕೋಶಗಳ ಗುಂಪು) ಸಿಗುವುದಿಲ್ಲ; ವಿಭಜನೆಯಾಗದೆ ಕುಳಿತ ಕೋಶವನ್ನು ಹಿಂದಕ್ಕೆ ತಿರುಗಿಸುವುದು ಬಹಳ ಕಷ್ಟ.

ಆಮೇಲೆ ನಾಲ್ಕು ಜೀನ್‌ಗಳನ್ನು ಒಳಗೆ ಸೇರಿಸುವುದು. ಮೊದಲ ಪ್ರಯೋಗಗಳಲ್ಲಿ ರೆಟ್ರೊವೈರಸ್ ಬಳಸಿದ್ದರು. ಅದು ಕೋಶದ ಡಿಎನ್‌ಎಯೊಳಗೆ ತನ್ನ ಸರಕನ್ನು ಕಾಯಂ ಹೊಲಿದುಬಿಡುತ್ತದೆ. ಹಾಗೆ ಹೊಲಿದುಕೊಂಡ ಸಿ-ಮಿಕ್ ಮತ್ತೆ ಎಚ್ಚರಗೊಂಡು, ಆ ಕೋಶಗಳಿಂದ ಹುಟ್ಟಿದ ಇಲಿಗಳಲ್ಲಿ ಸುಮಾರು ಶೇ. 20ರಷ್ಟಕ್ಕೆ ಗಡ್ಡೆ ಬಂದಿತ್ತು. ಈಗ ಹೆಚ್ಚಿನವರು ಸೆಂಡಾಯ್ ವೈರಸ್ ಅಥವಾ ಎಪಿಸೋಮಲ್ ಪ್ಲಾಸ್ಮಿಡ್ (ಕೋಶದ ಡಿಎನ್‌ಎಗೆ ಹೊಲಿದುಕೊಳ್ಳದ ಡಿಎನ್‌ಎ ಉಂಗುರ) ಹಿಡಿಯುತ್ತಾರೆ. ಸೆಂಡಾಯ್ ಆರ್‌ಎನ್‌ಎ ವೈರಸ್, ಕೋಶಕೇಂದ್ರದೊಳಗೆ ಹೋಗುವುದೇ ಇಲ್ಲ. ಕೋಶ ವಿಭಜನೆಯಾಗುತ್ತ ಆಗುತ್ತ ತೆಳುವಾಗಿ ಮಾಯವಾಗುತ್ತದೆ. ಆದರೆ ತಾನಾಗಿ ಹೋಗಿದೆ ಎಂದು ನಂಬಿ ಕೂರುವಂತಿಲ್ಲ. ಸುಮಾರು 10 ಪ್ಯಾಸೇಜ್ (ಹೊಸ ತಟ್ಟೆಗೆ ಬದಲಾಯಿಸುವುದು) ಆದಮೇಲೆ ಆರ್‌ಟಿ-ಪಿಸಿಆರ್ ಮಾಡಿ ಖಚಿತಪಡಿಸಿಕೊಳ್ಳಬೇಕು.

ಎರಡನೇ ವಾರದ ಹೊತ್ತಿಗೆ ಲ್ಯಾಮಿನಿನ್ ಅಥವಾ ವೈಟ್ರೊನೆಕ್ಟಿನ್ ಬಳಿದ ತಟ್ಟೆಯಲ್ಲಿ ಚಿಕ್ಕ ಗುಂಪುಗಳು ಕಾಣುತ್ತವೆ. ಒಳ್ಳೆಯ ಕಾಲನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಗುರುತಿಸಬಹುದು: ಚಪ್ಪಟೆ, ಅಂಚು ಚಾಕುವಿನಿಂದ ಕೊಯ್ದಷ್ಟು ನೇರ, ಕೋಶಗಳು ಒಂದಕ್ಕೊಂದು ಒತ್ತಿಕೊಂಡು ನಡುವೆ ಸಂದಿಯೇ ಇರುವುದಿಲ್ಲ, ಪ್ರತಿ ಕೋಶದಲ್ಲೂ ಕೋಶಕೇಂದ್ರವೇ ಬಹುಪಾಲು ಜಾಗ ಹಿಡಿದಿರುತ್ತದೆ. ಅಂಚು ಹರಿದಂತಿದ್ದು ಕೋಶಗಳು ಹರಡಿಕೊಳ್ಳುತ್ತಿದ್ದರೆ ಅದು ಅರ್ಧ ದಾರಿಯಲ್ಲೇ ನಿಂತ ಕಾಲನಿ, ಮುಟ್ಟಬೇಡಿ. ಮೂರು–ನಾಲ್ಕು ವಾರಕ್ಕೆ ಒಳ್ಳೆಯವನ್ನು ಒಂದೊಂದಾಗಿ ಎತ್ತಿ ಬೇರೆ ಬೇರೆ ಗುಳಿಗಳಿಗೆ ಹಾಕಬೇಕು. ಎರಡು ಕಾಲನಿ ಒಂದೇ ಗುಳಿಗೆ ಬಿದ್ದರೆ ಆ ಸಾಲು (ಒಂದೇ ಕಾಲನಿಯಿಂದ ಬೆಳೆಸುತ್ತ ಹೋಗುವ ಕೋಶಗಳ ಪೀಳಿಗೆ) ಹಾಳು, ಮುಂದೆ ಬರುವ ಯಾವ ಫಲಿತಾಂಶವನ್ನೂ ನಂಬುವಂತಿಲ್ಲ. ಯಮನಾಕಾ ತಂಡದ ಮೊದಲ ಮಾನವ ಪ್ರಯೋಗದಲ್ಲಿ 50,000 ಕೋಶಕ್ಕೆ ಸುಮಾರು 10 ಕಾಲನಿ ಸಿಕ್ಕಿತ್ತು. ನಿಮಗೆ ಕಡಿಮೆ ಸಿಕ್ಕಿದರೆ ಎದೆಗುಂದಬೇಡಿ.

ಬೆಳೆಸುವಾಗ 37 ಡಿಗ್ರಿ, ಶೇ. 5 ಇಂಗಾಲದ ಡೈಆಕ್ಸೈಡ್, ಸಾಮಾನ್ಯ ಮಾಧ್ಯಮವಾದರೆ ದಿನವೂ ಬದಲಾವಣೆ. ಭಾನುವಾರ ರಜೆ ಇಲ್ಲ. ತಟ್ಟೆ ಶೇ. 70–80 ತುಂಬಿದಾಗ 0.5 ಮಿಲಿಮೋಲಾರ್ ಇಡಿಟಿಎ ಹಾಕಿ ಕೆಲವು ನಿಮಿಷ ಬಿಟ್ಟು, ಸಣ್ಣ ಗುಂಪುಗಳಾಗಿ ಬಿಡಿಸಿ ಹೊಸ ತಟ್ಟೆಗೆ ಹಾಕಬೇಕು. ಜೋರಾಗಿ ಪಿಪೆಟ್ ಮಾಡಿ ಬಿಡಿ ಬಿಡಿ ಕೋಶ ಮಾಡಿದರೆ ಅವು ಸಾಯುತ್ತವೆ. ಬಿಡಿಸಲೇಬೇಕಾದ ಸಂದರ್ಭದಲ್ಲಿ ಬಿಡಿ ಕೋಶ ಸಾಯದಂತೆ ತಡೆಯುವ ರಾಕ್ ಇನ್‌ಹಿಬಿಟರ್ 10 ಮೈಕ್ರೊಮೋಲಾರ್ ಹಾಕಿ, ಮರುದಿನ ತೆಗೆಯಬೇಕು.

ಹೊಸಬರು ಎಡವುವ ಜಾಗ ಎರಡು. ಮೊದಲನೆಯದು ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ. ಮಾಧ್ಯಮ ಕದಡುವುದಿಲ್ಲ, ವಾಸನೆ ಬರುವುದಿಲ್ಲ. ಕೋಶಭಿತ್ತಿಯೇ ಇಲ್ಲದ ಕಾರಣ ಪೆನಿಸಿಲಿನ್‌ಗೆ ಬಗ್ಗುವುದೂ ಇಲ್ಲ. ನಿಯಮಿತವಾಗಿ ಪಿಸಿಆರ್ ಮಾಡದಿದ್ದರೆ ಇಡೀ ಇನ್‌ಕ್ಯುಬೇಟರಿಗೆ ಹರಡಿದ ಮೇಲೆಯೇ ಗೊತ್ತಾಗುತ್ತದೆ. ಎರಡನೆಯದು ವರ್ಣತಂತುಗಳ ಏರುಪೇರು. ತಟ್ಟೆಯಲ್ಲಿ ಬೇಗ ಬೆಳೆಯುವ ಕೋಶವೇ ಗೆಲ್ಲುತ್ತದೆ, ಮತ್ತು ಬೇಗ ಬೆಳೆಯುವುದಕ್ಕೆ ಹೆಚ್ಚಾಗಿ ಕಾರಣ ಏನೋ ಒಂದು ದೋಷ. 20ನೇ ವರ್ಣತಂತುವಿನ ಒಂದು ಚಿಕ್ಕ ತುಂಡು, 20q11.21, ನಕಲಾಗುವುದು ಬಲು ಸಾಮಾನ್ಯ. ಕೋಶ ಸಾಯದಂತೆ ತಡೆಯುವ ಜೀನ್ ಅಲ್ಲಿದೆ. ವರ್ಣತಂತುಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಮಾಮೂಲಿ ಜಿ-ಬ್ಯಾಂಡಿಂಗ್ ಕ್ಯಾರಿಯೊಟೈಪ್‌ಗೆ ಇಷ್ಟು ಸಣ್ಣ ಬದಲಾವಣೆ ಎಷ್ಟೋ ಸಲ ಕಾಣುವುದಿಲ್ಲ. ಆದ್ದರಿಂದ ‘ಕ್ಯಾರಿಯೊಟೈಪ್ ಸರಿ ಇದೆ’ ಎಂಬ ವರದಿ ಹಿಡಿದು ನಿಶ್ಚಿಂತರಾಗದೆ, ಆ ಜಾಗಕ್ಕೆಂದೇ ಫಿಶ್ (FISH) ಅಥವಾ ಕ್ಯೂಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ಮಾಡಿಸಿ. ‘ಈ ಸಾಲು ಈಚೆಗೆ ಚೆನ್ನಾಗಿ ಬೆಳೆಯುತ್ತಿದೆ’ ಎಂದು ಯಾರಾದರೂ ಖುಷಿಪಟ್ಟರೆ ಅನುಮಾನಪಡಬೇಕಾದ ಹೊತ್ತು ಅದೇ.

ಮೊದಲ ಪ್ಯಾಸೇಜ್‌ಗಳಲ್ಲೇ ಸಾಕಷ್ಟು ಟ್ಯೂಬ್ ಶೈತ್ಯೀಕರಿಸಿಡಿ: ಶೇ. 10 ಡಿಎಂಎಸ್‌ಓ, ನಿಮಿಷಕ್ಕೆ 1 ಡಿಗ್ರಿಯಂತೆ ಮೈನಸ್ 80ಕ್ಕೆ ಇಳಿಸಿ, ಆಮೇಲೆ ದ್ರವ ಸಾರಜನಕಕ್ಕೆ. ಕರಗಿಸುವಾಗ ಇದರ ತದ್ವಿರುದ್ಧ, ಬೇಗ ಬೇಗ.

ಪ್ರ: ಐಪಿಎಸ್ ಬಂದಮೇಲೆ ಭ್ರೂಣ ನಾಶದ ಪ್ರಶ್ನೆಯೇ ಇಲ್ಲ, ನೈತಿಕ ಚರ್ಚೆ ಮುಗಿಯಿತು ಎಂದು ಓದಿದೆ. ನಿಜವೇ?
— ನಿವೃತ್ತ ಉಪಾಧ್ಯಾಯರು, ಹಾಸನ

ಉ: ಒಂದು ಚರ್ಚೆ ತಣ್ಣಗಾಯಿತು, ಬೇರೆ ನಾಲ್ಕು ಎದ್ದವು. 1998ರಲ್ಲಿ ಇದೇ ಥಾಮ್ಸನ್ ಮಾನವ ಭ್ರೂಣದಿಂದ ಸ್ಟೆಮ್ ಸೆಲ್ ಪಡೆದಾಗ, ಐವಿಎಫ್‌ನಲ್ಲಿ ಉಳಿದು ದಂಪತಿಗಳು ದಾನ ಮಾಡಿದ ಕೆಲವೇ ದಿನಗಳ ಭ್ರೂಣಗಳನ್ನು ಬಳಸಿದ್ದರು. ಅಲ್ಲಿಂದ ಅಮೆರಿಕದಲ್ಲಿ ದೊಡ್ಡ ರಾಜಕೀಯ ಜಗಳವೇ ಆಯಿತು. 2001ರಲ್ಲಿ ಅಧ್ಯಕ್ಷ ಬುಷ್ ಹೊಸ ಭ್ರೂಣಕೋಶ ಸಾಲುಗಳಿಗೆ ಕೇಂದ್ರದ ಹಣ ನಿಲ್ಲಿಸಿದರು. ಭ್ರೂಣಬಳಕೆಯನ್ನು ವಿರೋಧಿಸುತ್ತಿದ್ದ ಕ್ಯಾಥೊಲಿಕ್ ಚರ್ಚಿನವರೂ ಐಪಿಎಸ್ ಅನ್ನು ಸ್ವಾಗತಿಸಿದರು. ಆದರೂ ಭ್ರೂಣಮೂಲದ ಸಾಲುಗಳು ಹೋಗಿಲ್ಲ. ಐಪಿಎಸ್ ಸರಿಯಾಗಿದೆಯೇ ಎಂದು ಹೋಲಿಸಿ ನೋಡಲು ಅವೇ ಅಳತೆಗೋಲು, ಮತ್ತು ಅವುಗಳಿಂದ ತಯಾರಾದ ಕಸಿಗಳೂ ಮನುಷ್ಯರ ಮೇಲಿನ ಪ್ರಯೋಗದಲ್ಲಿವೆ.

ಹೊಸ ಪೇಚು ಇದು: 2021ರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ತಂಡ ವಯಸ್ಕರ ಚರ್ಮದ ಕೋಶಗಳನ್ನು ಹಿಂದಕ್ಕೆ ತಿರುಗಿಸಿ, ಐದಾರು ದಿನದ ಭ್ರೂಣವನ್ನೇ ಹೋಲುವ ರಚನೆ ಪಡೆಯಿತು. ಅಂಡವೂ ಇಲ್ಲ, ವೀರ್ಯಾಣುವೂ ಇಲ್ಲ. ಭ್ರೂಣವನ್ನು ಲ್ಯಾಬಿನಲ್ಲಿ 14 ದಿನಕ್ಕಿಂತ ಹೆಚ್ಚು ಬೆಳೆಸಬಾರದು ಎಂದು ಬ್ರಿಟನ್ನಿನ ವಾರ್ನಾಕ್ ಸಮಿತಿ 1984ರಲ್ಲಿ ಹೇಳಿದ್ದು ಅಲ್ಲಿ 1990ರಲ್ಲಿ ಕಾನೂನಾಯಿತು, ಭಾರತದ ಮಾರ್ಗಸೂಚಿಯೂ ಅದನ್ನೇ ಅನುಸರಿಸುತ್ತದೆ. ಆ ನಿಯಮ ಬರೆದಾಗ ಭ್ರೂಣ ಎಂದರೆ ಫಲಿತವಾದ ಅಂಡ. ಚರ್ಮದಿಂದ ಬಂದ ಈ ರಚನೆಗೆ ದಿನ ಎಣಿಸುವುದು ಎಲ್ಲಿಂದ? ಸ್ಟೆಮ್ ಸೆಲ್ ಸಂಶೋಧಕರ ಅಂತರರಾಷ್ಟ್ರೀಯ ಸಂಘ ಇಂಥದ್ದನ್ನು ಗರ್ಭಕೋಶಕ್ಕೆ ಸೇರಿಸಬಾರದು ಎಂದು ಗೆರೆ ಎಳೆದಿದೆ. ಅದು ವಿಜ್ಞಾನಿಗಳು ತಮಗೆ ತಾವೇ ಹಾಕಿಕೊಂಡ ಗೆರೆ. ಕಾನೂನು ಅದಕ್ಕಿಂತ ಹಿಂದಿದೆ ಎಂಬುದು ನಮ್ಮ ಅಭಿಪ್ರಾಯ.

ಪ್ರ: ತಾಯಿಗೆ 68 ವರ್ಷ, ಪಾರ್ಕಿನ್ಸನ್ ಇದೆ. ಜಪಾನಿನಲ್ಲಿ ಐಪಿಎಸ್ ಕೋಶದಿಂದ ವಾಸಿ ಮಾಡಿದ್ದಾರಂತೆ. ಇಲ್ಲೊಂದು ಖಾಸಗಿ ಕ್ಲಿನಿಕ್‌ನವರು ‘ಅದೇ ಚಿಕಿತ್ಸೆ’ ಎಂದು ಲಕ್ಷಗಟ್ಟಲೆ ಕೇಳುತ್ತಿದ್ದಾರೆ. ಅಣ್ಣ ಸಾಲ ಮಾಡಲು ಸಿದ್ಧನಿದ್ದಾನೆ. ಕೊಡಿಸಬಹುದೇ?
— ಓದುಗರು, ಶಿವಮೊಗ್ಗ

ಉ: ಕೊಡಿಸಬೇಡಿ. ಅಣ್ಣನವರಿಗೂ ಈ ಉತ್ತರ ಓದಿಸಿ.

ಮೊದಲು ಜಪಾನಿನಲ್ಲಿ ಆದದ್ದೇನು ನೋಡೋಣ. ಕ್ಯೋಟೊದಲ್ಲಿ ಜುನ್ ತಾಕಾಹಾಶಿ ಅವರ ತಂಡ 2018ರಲ್ಲಿ ಶುರು ಮಾಡಿ, 2025ರ ಏಪ್ರಿಲ್‌ನಲ್ಲಿ ಫಲಿತಾಂಶ ಪ್ರಕಟಿಸಿತು. ಒಟ್ಟು ರೋಗಿಗಳು 7, ವಯಸ್ಸು 50ರಿಂದ 69. ಬೇರೊಬ್ಬ ಆರೋಗ್ಯವಂತ ದಾನಿಯ ಐಪಿಎಸ್ ಕೋಶಗಳನ್ನು, ಪಾರ್ಕಿನ್ಸನ್‌ನಲ್ಲಿ ನಶಿಸುವ ಡೋಪಮಿನ್ ನರಕೋಶಗಳ ಪೂರ್ವಸ್ಥಿತಿಯವರೆಗೆ ಬೆಳೆಸಿ, ಬೇಡವಾದವನ್ನು ಬೇರ್ಪಡಿಸಿ, ತಲೆಬುರುಡೆಯಲ್ಲಿ ರಂಧ್ರ ಮಾಡಿ ಮಿದುಳಿನ ಪುಟಾಮೆನ್ ಎಂಬ ಭಾಗಕ್ಕೆ ಎರಡೂ ಬದಿ ಸೇರಿಸಿದರು. ಮೂವರಿಗೆ ಪ್ರತಿ ಬದಿಗೆ 21ರಿಂದ 26 ಲಕ್ಷ ಕೋಶ, ನಾಲ್ವರಿಗೆ 53ರಿಂದ 55 ಲಕ್ಷ. ದೇಹ ತಿರಸ್ಕರಿಸದಂತೆ 15 ತಿಂಗಳು ಟ್ಯಾಕ್ರೊಲಿಮಸ್ ಮಾತ್ರೆ. ಎರಡು ವರ್ಷದ ನಿಗಾದಲ್ಲಿ ಗಡ್ಡೆ ಬರಲಿಲ್ಲ, ಗಂಭೀರ ತೊಂದರೆ ಕಾಣಲಿಲ್ಲ. ಪರಿಣಾಮ ಅಳೆದ 6 ಜನರಲ್ಲಿ ನಾಲ್ವರಿಗೆ, ಔಷಧದ ಪ್ರಭಾವ ಇಲ್ಲದ ಹೊತ್ತಿನ ಚಲನೆ ಸುಧಾರಿಸಿತ್ತು. ಹೋಲಿಕೆಗೆ ಹುಸಿಚಿಕಿತ್ಸೆ ಪಡೆದ ಗುಂಪು ಇರಲಿಲ್ಲ. ಪಾರ್ಕಿನ್ಸನ್‌ನಲ್ಲಿ ಬರೀ ಭರವಸೆಯಿಂದಲೇ ರೋಗಿ ಕೆಲಕಾಲ ಚುರುಕಾಗುವುದು ಗೊತ್ತಿರುವ ಸಂಗತಿ. ಆದ್ದರಿಂದ ಇದು ಒಳ್ಳೆಯ ಸುದ್ದಿಯೇ ಹೌದು, ‘ವಾಸಿ’ ಅಲ್ಲ.

ಈಗ ನಿಮ್ಮೂರ ಕ್ಲಿನಿಕ್. ಇಂಥ ಕಡೆ ಹೆಚ್ಚಾಗಿ ನಡೆಯುವುದು ರೋಗಿಯ ಸೊಂಟದ ಮೂಳೆಯಿಂದಲೋ ಹೊಟ್ಟೆಯ ಕೊಬ್ಬಿನಿಂದಲೋ ಕೋಶ ತೆಗೆದು, ಅದೇ ದಿನ ಅಥವಾ ಕೆಲವು ದಿನದಲ್ಲಿ ರಕ್ತನಾಳಕ್ಕೆ ಅಥವಾ ಬೆನ್ನುಹುರಿಯ ದ್ರವಕ್ಕೆ ಚುಚ್ಚುವುದು. ಅದು ಐಪಿಎಸ್ ಅಲ್ಲವೇ ಅಲ್ಲ. ನಿಜವಾದ ಐಪಿಎಸ್‌ಗೆ ತಿಂಗಳುಗಟ್ಟಲೆ ಬೇಕು ಎಂಬುದನ್ನು ಮೇಲಿನ ಉತ್ತರದಲ್ಲಿ ನೋಡಿದಿರಿ. ‘ಸೋಮವಾರ ತೆಗೆದು ಬುಧವಾರ ಕೊಡುತ್ತೇವೆ’ ಎಂದರೆ ಅಲ್ಲೇ ಗೊತ್ತಾಯಿತು. ನಿಜವಾದ ಐಪಿಎಸ್ ಕೋಶವನ್ನು ಹಾಗೆಯೇ ಚುಚ್ಚಿದರಂತೂ ಇನ್ನೂ ಅಪಾಯ. ಬಿತ್ತನೆ ಭತ್ತದಲ್ಲಿ ಉಳಿದ ಕಳೆಬೀಜದಂತೆ, ಪೂರ್ತಿ ನರಕೋಶವಾಗದೆ ಉಳಿದ ಕೋಶಗಳು ಒಳಗೆ ಹೋಗಿ ಟೆರಟೋಮಾ ಎಂಬ ಗಡ್ಡೆ ಕಟ್ಟಬಲ್ಲವು. ಅದರಲ್ಲಿ ಕೂದಲು, ಹಲ್ಲು, ಮೃದ್ವಸ್ಥಿಯೂ ಇರಬಹುದು. ನಿಜಕ್ಕೂ ಆದ ಅನಾಹುತವೊಂದಿದೆ: 2015ರಲ್ಲಿ ಅಮೆರಿಕದ ಫ್ಲಾರಿಡಾದ ಒಂದು ಕ್ಲಿನಿಕ್‌ನಲ್ಲಿ ಮೂವರು ಮಹಿಳೆಯರು ತಲಾ 5,000 ಡಾಲರ್ ಕೊಟ್ಟು ಕೊಬ್ಬಿನ ಕೋಶಗಳನ್ನು ಒಂದೇ ದಿನ ಎರಡೂ ಕಣ್ಣಿಗೆ ಚುಚ್ಚಿಸಿಕೊಂಡರು. ಮೂವರಿಗೂ ದೃಷ್ಟಿ ತೀವ್ರವಾಗಿ ಹೋಯಿತು.

ಭಾರತದ ನಿಯಮ ಸ್ಪಷ್ಟವಾಗಿದೆ. ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಪ್ರಕಾರ, ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥ ಒಪ್ಪಿತ ಚಿಕಿತ್ಸೆ ಬಿಟ್ಟರೆ, ಸ್ಟೆಮ್ ಸೆಲ್ ಅನ್ನು ರೋಗಿಗೆ ಕೊಡುವುದು ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ. ಟ್ರಯಲ್ ಎಂದಮೇಲೆ ಆ ಚಿಕಿತ್ಸೆಗೆ ರೋಗಿಯಿಂದ ಹಣ ಕೇಳುವಂತಿಲ್ಲ. ಟ್ರಯಲ್‌ನಿಂದ ಹಾನಿಯಾದರೆ ವೈದ್ಯಕೀಯ ಆರೈಕೆ ಮತ್ತು ಪರಿಹಾರದ ಹೊಣೆಯನ್ನು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ನಡೆಸುವವರ ಮೇಲೆ ಹೊರಿಸುತ್ತವೆ.

ಹೀಗೆ ಮಾಡಿ. ಅವರನ್ನು ಸಿಟಿಆರ್‌ಐ ಸಂಖ್ಯೆ ಕೇಳಿ. ಅದು ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿ. ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು, ಶುಲ್ಕವಿಲ್ಲ. ಸಂಖ್ಯೆ ತೋರಿಸಿದ ಮಾತ್ರಕ್ಕೆ ನಂಬಬೇಡಿ, ಏಕೆಂದರೆ ನೋಂದಣಿ ಬೇರೆ, ಅನುಮತಿ ಬೇರೆ. ಪುಟ ತೆರೆದು ‘ಡಿಸಿಜಿಐ’ (ದೇಶದ ಔಷಧ ಮಹಾನಿಯಂತ್ರಕರು) ಎಂಬ ಸಾಲಿನಲ್ಲಿ ಅನುಮತಿ ಸಿಕ್ಕಿದೆಯೇ, ನೈತಿಕ ಸಮಿತಿಯ ಹೆಸರು ಇದೆಯೇ, ಕಾಯಿಲೆ ಪಾರ್ಕಿನ್ಸನ್ನೇ, ಕೋಶದ ಮೂಲ ಏನು, ಟ್ರಯಲ್ ನಡೆಯುವ ಆಸ್ಪತ್ರೆಗಳ ಪಟ್ಟಿಯಲ್ಲಿ ಈ ಕ್ಲಿನಿಕ್ ಇದೆಯೇ ನೋಡಿ. ಮೊಣಕಾಲಿನ ಟ್ರಯಲ್ ಸಂಖ್ಯೆ ತೋರಿಸಿ ಮಿದುಳಿನ ಚಿಕಿತ್ಸೆ ಮಾರುವುದು ಸಾಧ್ಯ, ಅದಕ್ಕೇ ಇಷ್ಟು ಹೇಳಿದ್ದು. ಇದರಲ್ಲಿ ಒಂದು ತಪ್ಪಿದ್ದರೂ ಎದ್ದು ಬನ್ನಿ. ಮುಂಗಡ ಕೊಟ್ಟಿದ್ದರೆ ರಸೀದಿ ಇಟ್ಟುಕೊಂಡು ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ, ಖಾಸಗಿ ಆಸ್ಪತ್ರೆಗಳ ಮೇಲೆ ಅಧಿಕಾರವಿರುವ ಜಿಲ್ಲಾ ಪ್ರಾಧಿಕಾರಕ್ಕೂ ದೂರು ಕೊಡಬಹುದು.

ತಾಯಿಯವರಿಗೆ ಪಾರ್ಕಿನ್ಸನ್‌ನ ಮುಖ್ಯ ಔಷಧವಾದ ಲೆವೊಡೋಪಾ ಪ್ರಮಾಣ, ಹೊತ್ತು, ಊಟದ ಅಂತರ ಸರಿ ಇದೆಯೇ ಎಂದು ನರರೋಗ ತಜ್ಞರಿಂದ ಒಮ್ಮೆ ಪರಿಶೀಲಿಸಿ. ಪ್ರೋಟೀನು ಹೆಚ್ಚಿರುವ ಊಟದ ಜೊತೆಗೇ ಮಾತ್ರೆ ನುಂಗಿದರೆ ಅದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಮಾತ್ರೆಯ ಪ್ರಭಾವ ಏರಿಳಿತವಾಗುತ್ತಿದ್ದರೆ ಡಿಬಿಎಸ್ (ಮಿದುಳಿನೊಳಗೆ ತಂತಿ ಇಟ್ಟು ವಿದ್ಯುತ್ ಸ್ಪಂದನ ಕೊಡುವ) ಶಸ್ತ್ರಚಿಕಿತ್ಸೆ ಹೊಂದುತ್ತದೆಯೇ ಎಂದು ಕೇಳಿ, ಅದು ವರ್ಷಗಟ್ಟಲೆ ಪರೀಕ್ಷೆಗೆ ನಿಂತ ವಿಧಾನ.

ಪ್ರ: ಐದು ವರ್ಷದ ಮಗನಿಗೆ ಆಟಿಸಂ. ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಿಸಬಹುದೇ?
— ಪೋಷಕರು, ದಾವಣಗೆರೆ

ಉ: ಬೇಡ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಶಿಫಾರಸು ಮಾಡುವಂಥದ್ದಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲೇ ಹೇಳಿದೆ. ಆ ದುಡ್ಡನ್ನು ಮಾತಿನ ತರಬೇತಿ, ಆಕ್ಯುಪೇಷನಲ್ ಥೆರಪಿಗೆ ಹಾಕಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಒಮ್ಮೆ ತೋರಿಸಿ.

ಪ್ರ: ನನ್ನದೇ ಕೋಶದಿಂದ ನನಗೇ ಅಂಗ ಮಾಡಿಕೊಟ್ಟರೆ ದೇಹ ತಿರಸ್ಕರಿಸುವುದಿಲ್ಲವಲ್ಲ. ಮತ್ತೇಕೆ ಬೇರೆಯವರ ಕೋಶ ಬಳಸುತ್ತಿದ್ದಾರೆ?
— ಓದುಗರು, ಕಲಬುರಗಿ

ಉ: ದುಡ್ಡು ಮತ್ತು ಸಮಯ. 2014ರ ಸೆಪ್ಟೆಂಬರಿನಲ್ಲಿ ಜಪಾನಿನ ಕೋಬೆಯಲ್ಲಿ ರಿಕೆನ್ ಸಂಸ್ಥೆಯ ಮಸಾಯೊ ತಾಕಾಹಾಶಿ ತಂಡ ಮಾಡಿದ್ದು ನೀವು ಹೇಳಿದ್ದನ್ನೇ. ವಯಸ್ಸಿನಿಂದ ಅಕ್ಷಿಪಟಲದ ನಡುಭಾಗ ಕೆಡುವ ಕಾಯಿಲೆಯ, 70 ದಾಟಿದ ಮಹಿಳೆಗೆ ಅವರದೇ ಚರ್ಮದಿಂದ ಐಪಿಎಸ್, ಅದರಿಂದ ಅಕ್ಷಿಪಟಲಕ್ಕೆ ಆಸರೆಯಾಗುವ ಆರ್‌ಪಿಇ ಎಂಬ ಕೋಶಗಳ ಹಾಳೆ. ಹಾಳೆಯ ಅಳತೆ 1.3 ಮಿ.ಮೀ.ಗೆ 3 ಮಿ.ಮೀ. ದೃಷ್ಟಿ ಇನ್ನಷ್ಟು ಕುಸಿಯುವುದು ನಿಂತಿತು, ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಈ ಒಂದು ಚೂರಿಗೆ ಆದ ಖರ್ಚು ಸುಮಾರು 10 ಕೋಟಿ ಯೆನ್ ಎಂದು ಆಗ ವರದಿಯಾಗಿತ್ತು. ಎರಡನೇ ರೋಗಿಯ ಕೋಶಗಳಲ್ಲಿ ತಳಿ ಬದಲಾವಣೆಗಳು ಕಂಡವು. ಅಪಾಯ ಎಷ್ಟೆಂದು ಖಚಿತವಿಲ್ಲದಿದ್ದರೂ 2015ರಲ್ಲಿ ಕಸಿ ಕೈಬಿಟ್ಟರು. ನಮ್ಮ ದೃಷ್ಟಿಯಲ್ಲಿ ಇಡೀ ಐಪಿಎಸ್ ಇತಿಹಾಸದ ಗೌರವದ ಕ್ಷಣ ಅದು: ಜಗತ್ತೇ ನೋಡುತ್ತಿದ್ದಾಗ ನಿಲ್ಲಿಸುವುದು ಸುಲಭವಲ್ಲ.

ಪ್ರತಿ ರೋಗಿಗೂ ಹೊಸ ಸಾಲು, ಹೊಸ ಪರೀಕ್ಷೆ ಎಂದರೆ ಯಾರ ಜೇಬೂ ತಡೆಯುವುದಿಲ್ಲ. ಅದಕ್ಕೆ ಕ್ಯೋಟೊದಲ್ಲಿ ಕೋಶಗಳ ಬ್ಯಾಂಕ್ ಮಾಡಿದರು. ದೇಹ ತನ್ನವರು–ಪರರು ಎಂದು ಗುರುತಿಸುವ ಎಚ್‌ಎಲ್‌ಎ ಗುರುತು ತಾಯಿಯಿಂದೊಂದು, ತಂದೆಯಿಂದೊಂದು ಬರುತ್ತದೆ. ಎರಡೂ ಒಂದೇ ಆಗಿರುವ ದಾನಿಯ ಕೋಶ ಹೆಚ್ಚು ಜನರಿಗೆ ಹೊಂದುತ್ತದೆ. ಅಂಥ ನಾಲ್ಕು ಬಗೆಯಿಂದಲೇ ಜಪಾನಿನ ಶೇ. 40ರಷ್ಟು ಜನರಿಗೆ ಹೊಂದಾಣಿಕೆ ಸಿಕ್ಕಿತು. ಭಾರತದಲ್ಲಿ ಜಾತಿ–ಸಮುದಾಯದೊಳಗೇ ಮದುವೆಯಾಗುತ್ತ ಬಂದದ್ದರಿಂದ ಈ ಗುರುತುಗಳ ವೈವಿಧ್ಯ ಬಹಳ. ನಾಲ್ಕು ದಾನಿಗಳಿಂದ ಇಲ್ಲಿ ಆಗುವ ಕೆಲಸವಲ್ಲ. ಇನ್ನೊಂದು ದಾರಿ ಜೀನ್ ಎಡಿಟಿಂಗ್: 2019ರಲ್ಲಿ ಕ್ಯೋಟೊ ತಂಡ ಎಚ್‌ಎಲ್‌ಎ-ಎ, ಬಿ ಗುರುತು ಅಳಿಸಿ ಸಿ ಒಂದನ್ನು ಉಳಿಸಿದ 12 ಸಾಲುಗಳಿದ್ದರೆ ಜಗತ್ತಿನ ಶೇ. 90ಕ್ಕೂ ಹೆಚ್ಚು ಜನರಿಗೆ ಸಾಕು ಎಂದು ಲೆಕ್ಕ ಹಾಕಿತು. ರೋಗನಿರೋಧಕ ಪಡೆಯ ಕಣ್ಣಿಗೆ ಕಾಣದ ಕೋಶ ನಾಳೆ ಕ್ಯಾನ್ಸರ್ ಆದರೆ ಅದನ್ನೂ ಪಡೆ ಹಿಡಿಯಲಾರದು ಎಂಬ ಆತಂಕ ಅಲ್ಲಿಂದ ಶುರು.

ಸ್ವಂತ ಕೋಶದ ದಾರಿ ಪೂರ್ತಿ ಮುಚ್ಚಿಲ್ಲ. ಚೀನಾದ ತಿಯಾಂಜಿನ್‌ನಲ್ಲಿ ಟೈಪ್-1 ಮಧುಮೇಹದ 25ರ ಯುವತಿಗೆ ಅವರದೇ ಕೋಶಗಳನ್ನು ರಾಸಾಯನಿಕಗಳಿಂದ ಹಿಂದಕ್ಕೆ ತಿರುಗಿಸಿ, ಇನ್ಸುಲಿನ್ ಕೋಶ ಮಾಡಿ ಹೊಟ್ಟೆಯ ಸ್ನಾಯುವಿನ ಹೊದಿಕೆಯ ಕೆಳಗೆ ಇಟ್ಟರು. 75 ದಿನಕ್ಕೆ ಇನ್ಸುಲಿನ್ ಚುಚ್ಚುಮದ್ದು ನಿಂತಿತು ಎಂದು 2024ರಲ್ಲಿ ಪ್ರಕಟಿಸಿದರು. ಆಕೆ ಹಿಂದಿನ ಯಕೃತ್ ಕಸಿಗಾಗಿ ಮೊದಲೇ ರೋಗನಿರೋಧಕ ತಗ್ಗಿಸುವ ಮಾತ್ರೆ ನುಂಗುತ್ತಿದ್ದವರು. ಈ ಮಾತು ಸುದ್ದಿಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುತ್ತದೆ.

ಪ್ರ: ಚರ್ಮದಿಂದ ಅಂಡಾಣು ಮಾಡಿದ್ದಾರೆಂದು ಸುದ್ದಿ. ಇಬ್ಬರು ಗಂಡಸರಿಗೂ ಮಗು ಸಾಧ್ಯವೇ?
— ಓದುಗರು, ಉಡುಪಿ

ಉ: ಇಲಿಗಳಲ್ಲಿ ಆಗಿದೆ. ಕತ್ಸುಹಿಕೊ ಹಯಾಶಿ ತಂಡ ಗಂಡಿಲಿಯ ಐಪಿಎಸ್ ಕೋಶದಲ್ಲಿ ವೈ ವರ್ಣತಂತು ಕಳೆದು ಎಕ್ಸ್ ಎರಡಾದವನ್ನು ಆರಿಸಿ ಅಂಡಾಣು ಮಾಡಿತು. 2023ರಲ್ಲಿ ಪ್ರಕಟವಾದಂತೆ 630 ಭ್ರೂಣಗಳಿಂದ ಹುಟ್ಟಿದ ಮರಿ 7. ಈ ಲೆಕ್ಕವನ್ನು ಮನುಷ್ಯರಿಗೆ ಅನ್ವಯಿಸಿ ನೋಡಿ, ಉತ್ತರ ಸಿಗುತ್ತದೆ. 2025ರ ಅಮೆರಿಕದ ಸುದ್ದಿ ಬೇರೆಯದು: ಓರೆಗನ್‌ನಲ್ಲಿ ಚರ್ಮಕೋಶದ ಕೋಶಕೇಂದ್ರವನ್ನು ದಾನದ ಅಂಡಾಣುವಿಗೆ ಇಟ್ಟು ಅರ್ಧ ವರ್ಣತಂತುಗಳನ್ನು ಹೊರಹಾಕಿಸಿದರು. 82 ಅಂಡಾಣುಗಳಲ್ಲಿ ಫಲಿಸಿ ಆರು ದಿನದ ಹಂತ ಮುಟ್ಟಿದ್ದು ಶೇ. 9ರಷ್ಟು, ಅವುಗಳಲ್ಲೂ ವರ್ಣತಂತುಗಳ ಲೆಕ್ಕ ತಪ್ಪಿತ್ತು.

ಪ್ರ: ಲ್ಯಾಬಿನಲ್ಲಿ ಬೆಳೆದ ಪುಟ್ಟ ಮಿದುಳಿಗೆ ನೋವಾಗುತ್ತದೆಯೇ?
— ಓದುಗರು, ಮೈಸೂರು

ಉ: 2013ರಲ್ಲಿ ವಿಯೆನ್ನಾದಲ್ಲಿ ಮೊದಲು ಬೆಳೆಸಿದ ಈ ಆರ್ಗನಾಯ್ಡ್‌ಗಳು ಕೆಲವೇ ಮಿ.ಮೀ. ಗಾತ್ರದ ಗೋಲಿಗಳು. ರಕ್ತನಾಳವಿಲ್ಲದೆ ನಡುಭಾಗದ ಕೋಶಗಳು ಸಾಯುತ್ತವೆ. ನೋವು ತರುವ ನರವೂ ಇಲ್ಲ, ಇಂದ್ರಿಯವೂ ಇಲ್ಲ. ಈಗಿನವಕ್ಕೆ ನೋವಾಗುತ್ತದೆ ಎನ್ನಲು ಆಧಾರವಿಲ್ಲ. ಆದರೆ 2022ರಲ್ಲಿ ಸ್ಟ್ಯಾನ್‌ಫರ್ಡ್‌ನ ಸೆರ್ಗ್ಯು ಪಾಶ್ಕಾ ತಂಡ ಇವನ್ನು ಇಲಿಮರಿಗಳ ಮಿದುಳಿಗೆ ಕಸಿ ಮಾಡಿದಾಗ, ಮಾನವ ನರಕೋಶಗಳು ಇಲಿಯ ಮೀಸೆ ಮುಟ್ಟಿದ್ದಕ್ಕೆ ಸ್ಪಂದಿಸಿದವು. ಕೇಳಬೇಕಾದ ಪ್ರಶ್ನೆ ತಟ್ಟೆಯ ಗೋಲಿಯದಲ್ಲ, ಆ ಇಲಿಯದು.

ಪ್ರ: ಹೆರಿಗೆಗೆ ಎರಡು ತಿಂಗಳಿದೆ. ಹೊಕ್ಕುಳಬಳ್ಳಿಯ ರಕ್ತ ಬ್ಯಾಂಕಿನಲ್ಲಿಟ್ಟರೆ ಮುಂದೆ ಮಗುವಿಗೆ ಐಪಿಎಸ್ ಮಾಡಲು ಬೇಕಾಗುತ್ತದೆ ಎಂದು ಏಜೆಂಟ್ ಹೇಳುತ್ತಿದ್ದಾರೆ.
— ಓದುಗರು, ಬೆಳಗಾವಿ

ಉ: ಐಪಿಎಸ್ ಅನ್ನು ಯಾವ ವಯಸ್ಸಿನಲ್ಲಾದರೂ 10 ಮಿ.ಲೀ. ರಕ್ತದಿಂದ ಮಾಡಬಹುದು. ಅದಕ್ಕೆಂದು ಹುಟ್ಟಿದಾಗಿನಿಂದ ಕಂತು ಕಟ್ಟಬೇಕಿಲ್ಲ. ಏಜೆಂಟರ ವಾದವೇ ಅವರಿಗೆ ತಿರುಗುಬಾಣ. ಸ್ವಂತ ಬಳಕೆಗೆಂದು ಖಾಸಗಿ ಬ್ಯಾಂಕಿನಲ್ಲಿಡುವುದನ್ನು ಐಸಿಎಂಆರ್ ಶಿಫಾರಸು ಮಾಡುವುದಿಲ್ಲ. ಮನೆಯ ಹಿರಿಯ ಮಗುವಿಗೆ ಥಲಸ್ಸೀಮಿಯಾದಂಥ, ಕಸಿಯಿಂದ ಗುಣವಾಗುವ ಕಾಯಿಲೆ ಇದ್ದರೆ ಮಾತ್ರ ಲೆಕ್ಕ ಬೇರೆ. ಆಗ ರಕ್ತರೋಗ ತಜ್ಞರನ್ನು ಕೇಳಿ, ಏಜೆಂಟರನ್ನಲ್ಲ.

ಪ್ರ: ನಮ್ಮ ಮನೆತನದಲ್ಲಿ ಮೂವರಿಗೆ ಬೈಪೋಲಾರ್ ಕಾಯಿಲೆ. ಸಂಶೋಧನೆಗೆ ಐಪಿಎಸ್ ಮಾಡಲು ರಕ್ತ ಕೊಡುತ್ತೀರಾ ಎಂದು ಕೇಳಿದ್ದಾರೆ. ಸಹಿ ಹಾಕುವ ಮೊದಲು ಏನು ನೋಡಬೇಕು?
— ಓದುಗರು, ಬೆಂಗಳೂರು

ಉ: ಇದು ಬೆಲೆಯುಳ್ಳ ಕೆಲಸ. ಬೆಂಗಳೂರಿನಲ್ಲೇ ನಿಮ್ಹಾನ್ಸ್ ಆಸ್ಪತ್ರೆ, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಗಳು ಸೇರಿ ಮಾನಸಿಕ ಕಾಯಿಲೆ ಹಲವರಲ್ಲಿರುವ ಕುಟುಂಬಗಳಿಂದ ಐಪಿಎಸ್ ಸಾಲುಗಳನ್ನು ಮಾಡಿವೆ. ಬದುಕಿರುವವರ ಮಿದುಳಿನ ತುಂಡು ತೆಗೆದು ನೋಡಲಾಗದು. ಅದೇ ವ್ಯಕ್ತಿಯ ರಕ್ತದಿಂದ ನರಕೋಶ ಮಾಡಿ, ಕಾಯಿಲೆ ಇಲ್ಲದ ಅಣ್ಣತಮ್ಮಂದಿರ ನರಕೋಶದ ಪಕ್ಕ ಇಟ್ಟು ನೋಡಬಹುದು. ಔಷಧವನ್ನು ಆ ಕೋಶಗಳ ಮೇಲೆ ಹಾಕಿಯೂ ನೋಡಬಹುದು. ನಿಮಗೆ ನೇರ ಲಾಭವಾಗುವ ಸಾಧ್ಯತೆ ಕಡಿಮೆ. ಅವರು ಹಾಗೆ ಆಸೆ ತೋರಿಸಿದರೆ ಅದೇ ಎಚ್ಚರಿಕೆ.

ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಮನೆಗೆ ತಂದು ಓದಿ. ಅದರಲ್ಲಿ ‘ಜೈವಿಕ ಮಾದರಿಯ ಸಂಶೋಧನೆ’ ಎಂದಷ್ಟೇ ಇದ್ದರೆ ಸಾಲದು. ನಿಮ್ಮ ಕೋಶದಿಂದ ಎಂದೂ ಸಾಯದ ಸಾಲು ತಯಾರಾಗುತ್ತದೆ, ಅದನ್ನು ಬೇರೆ ಸಂಸ್ಥೆಗಳಿಗೆ, ಹೊರದೇಶಕ್ಕೆ, ಕಂಪನಿಗಳಿಗೆ ಕೊಡುತ್ತಾರೆಯೇ ಎಂಬುದು ಸ್ಪಷ್ಟವಾಗಿ ಬರೆದಿರಬೇಕು. ಪ್ರಾಣಿಗಳಿಗೆ ಕಸಿ, ಭ್ರೂಣದಂಥ ರಚನೆ, ಅಂಡಾಣು–ವೀರ್ಯಾಣು ತಯಾರಿ: ಈ ಮೂರಕ್ಕೆ ಬೇರೆ ಬೇರೆ ಹೌದು–ಇಲ್ಲ ಗುರುತು ಕೇಳಿ. ನಿಮಗೆ ಬೇಡವಾದದ್ದಕ್ಕೆ ಇಲ್ಲ ಹಾಕಿ ಉಳಿದದ್ದಕ್ಕೆ ಒಪ್ಪಬಹುದು.

ಹೆಸರು ತೆಗೆದು ಸಂಕೇತ ಸಂಖ್ಯೆ ಕೊಡುತ್ತಾರೆ. ಆದರೂ ಪೂರ್ತಿ ಜೀನೋಮ್ ಓದಿದಮೇಲೆ ಅದು ಯಾರದೆಂದು ಪತ್ತೆ ಹಚ್ಚುವುದು ಅಸಾಧ್ಯವಲ್ಲ, ಮತ್ತು ಆ ಮಾಹಿತಿ ಸಹಿ ಹಾಕದ ನಿಮ್ಮ ಅಕ್ಕತಂಗಿಯರದ್ದೂ ಹೌದು. ಆದ್ದರಿಂದ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಬೈಪೋಲಾರ್‌ಗೆ ಸಂಬಂಧವಿಲ್ಲದ ಬೇರೆ ಗಂಭೀರ ಕಾಯಿಲೆಯ ಸುಳಿವು ಸಿಕ್ಕಿದರೆ ತಿಳಿಸಬೇಕೋ ಬೇಡವೋ ಎಂಬುದನ್ನೂ ಈಗಲೇ ಬರೆದುಕೊಡಿ. ರಕ್ತಕ್ಕೆ ಬೆಲೆ ಕೊಡುವುದಿಲ್ಲ. ಬಸ್ಸಿನ ಖರ್ಚು ಕೇಳುವುದು ತಪ್ಪಲ್ಲ.

ಹಿಂದೆ ಸರಿಯುವ ಹಕ್ಕು ನಿಮಗಿದೆ, ಕಾರಣ ಹೇಳಬೇಕಿಲ್ಲ, ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆಗೆ ತೊಂದರೆ ಆಗಬಾರದು. ಸರಿದಮೇಲೆ ಫ್ರೀಜರಿನಲ್ಲಿರುವ ಟ್ಯೂಬ್‌ಗಳನ್ನು ನಾಶ ಮಾಡಬಹುದು. ಅಷ್ಟರಲ್ಲಿ ಬೇರೆ ಲ್ಯಾಬುಗಳಿಗೆ ಹೋದವು, ಪ್ರಕಟವಾದ ಅಂಕಿಅಂಶ ಹಿಂದಕ್ಕೆ ಬರುವುದಿಲ್ಲ. ಮನೆಯ ಮಕ್ಕಳ ರಕ್ತವನ್ನೂ ಕೇಳಿದ್ದರೆ, ಅವರಿಗೆ 18 ತುಂಬಿದಾಗ ಅವರನ್ನೇ ಮತ್ತೆ ಕೇಳಿ ಒಪ್ಪಿಗೆ ಪಡೆಯುತ್ತಾರೆಯೇ ಎಂಬ ಸಾಲು ಪತ್ರದಲ್ಲಿದೆಯೇ ನೋಡಿ. ಇಲ್ಲದಿದ್ದರೆ ಸೇರಿಸಿದ ಮೇಲೆ ಸಹಿ ಹಾಕಿ, ಒಂದು ಪ್ರತಿ ನಿಮ್ಮ ಬಳಿ ಇರಲಿ.